ದೆಹಲಿಯ ಇಂದಿರಾ ಗಾಂಧಿ ಮನೆ: ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಚಿಕ್ಕಮಗಳೂರಿನವರು. 1978ರ ಉಪಚುನಾವಣೆಯಲ್ಲಿ ಇಂದಿರಮ್ಮನಿಗೆ ವೋಟು ಹಾಕಿದ ಕತೆ ನಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಮುಂದಿನ ತಿಂಗಳು ದೆಹಲಿಗೆ ಹೊರಟಿದ್ದೇವೆ. ಸಫ್ದರ್‌ಜಂಗ್ ರಸ್ತೆಯ ಆ ಮನೆ ನೋಡಲೇಬೇಕಂತೆ. ಜಾಸ್ತಿ ನಡೆಯೋಕಾಗಲ್ಲ. ಹೋಗಿಬಂದವರು ಹೇಳಿ.

ಉತ್ತರ 1

ಧೈರ್ಯವಾಗಿ ಕರೆದುಕೊಂಡು ಹೋಗಿ. ಅರಮನೆ ಥರ ಏನಿಲ್ಲ, ಒಂದೇ ಅಂತಸ್ತಿನ ಬಿಳಿ ಬಂಗಲೆ. ನಾನು ಅತ್ತೆಯ ಜೊತೆ ಹೋಗಿದ್ದೆ. ಒಂದೂವರೆ ಗಂಟೆ ಸಾಕಾಯಿತು. ಆದರೆ ನಾವು ತಲುಪಿದ್ದು ಮಧ್ಯಾಹ್ನ, ಅದೇ ತಪ್ಪು. ಪ್ರವಾಸದ ಬಸ್ಸುಗಳು ಬಂದು ನಿಂತಿದ್ದವು. ಒಳಗೆ ಸಾಲಿನಲ್ಲಿ ಸಾಗಬೇಕು, ಹಿಂದಿನವರು ತಳ್ಳುತ್ತಲೇ ಇದ್ದರು. ಅತ್ತೆ ಒಂದು ಫೋಟೋದ ಮುಂದೆ ನಿಂತು ಕಣ್ಣು ಕಿರಿದು ಮಾಡುವಷ್ಟರಲ್ಲಿ "ಚಲೋ ಚಲೋ". ನೀವು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಕೋಣೆಗಳ ಒಳಗೆ ಬಿಡುವುದಿಲ್ಲ, ಗಾಜಿನಾಚೆಯಿಂದ ನೋಡಬೇಕು. ನನಗೆ ಹಿಡಿಸಿದ್ದು ಓದುವ ಕೋಣೆ. ಕಪಾಟಿನ ತುಂಬ ಪುಸ್ತಕ. ಊಟದ ಕೋಣೆಯೂ ಸರಳ. ದೇಶ ಆಳಿದವರ ಮನೆ ಇಷ್ಟೇನಾ ಅಂತ ಅತ್ತೆಗೆ ಆಶ್ಚರ್ಯ.

ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ಹತ್ಯೆಯಾದ ದಿನ, 1984ರ ಅಕ್ಟೋಬರ್ 31ರಂದು, ಇಂದಿರಾ ಉಟ್ಟಿದ್ದ ಸೀರೆ ಅಲ್ಲಿದೆ, ರಕ್ತದ ಕಲೆ ಸಮೇತ. ಶ್ರೀಪೆರಂಬುದೂರಿನಲ್ಲಿ ರಾಜೀವ್ ತೊಟ್ಟಿದ್ದ ಬಟ್ಟೆಯ ಚೂರುಗಳೂ ಇವೆ. ನಾವು ಹೇಳಿರಲಿಲ್ಲ. ಅತ್ತೆ ಅಲ್ಲೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಆಮೇಲೆ ಬಹಳ ಹೊತ್ತು ಮಾತೇ ಆಡಲಿಲ್ಲ.

ಕೊನೆಗೆ ತೋಟದ ದಾರಿ. ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ಇಂದಿರಾ ನಡೆದು ಹೋಗುತ್ತಿದ್ದದ್ದು ಇಲ್ಲೇ. ಆ ಬೆಳಗ್ಗೆ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್ ಅವರನ್ನು ಸಂದರ್ಶಿಸಲು ಅಲ್ಲಿ ಕಾಯುತ್ತಿದ್ದರು. ನಡುದಾರಿಯಲ್ಲೇ ಇಬ್ಬರು ಅಂಗರಕ್ಷಕರು ಗುಂಡು ಹಾರಿಸಿದರು. ಈಗ ಆ ದಾರಿಯ ಮೇಲೆ ಸ್ಫಟಿಕದ ಹೊದಿಕೆ ಇದೆ. ಬಿದ್ದ ಜಾಗದಲ್ಲಿ ಮಾತ್ರ ಸಾದಾ ಗಾಜು. ಅಷ್ಟು ಗಲಾಟೆ ಮಾಡುತ್ತಿದ್ದ ಶಾಲೆ ಮಕ್ಕಳೂ ಅಲ್ಲಿ ಬಂದಾಗ ಸುಮ್ಮನಾದರು.

ಉತ್ತರ 2

ಸೋಮವಾರ ರಜೆ, ಮರೆಯಬೇಡಿ. ನಾವು ಮರೆತು ಗೇಟು ನೋಡಿಕೊಂಡು ಬಂದವರು! ಟಿಕೆಟ್ ಇಲ್ಲ. ಮೆಟ್ರೋದಲ್ಲಾದರೆ ಹಳದಿ ಲೈನಿನ ಲೋಕ ಕಲ್ಯಾಣ ಮಾರ್ಗ ಸ್ಟೇಷನ್, ಅಲ್ಲಿಂದ ಆಟೋ ಹಿಡಿಯಿರಿ. ಮಂಡಿ ನೋವಿನವರನ್ನು ಆ ಬಿಸಿಲಲ್ಲಿ ನಡೆಸಬೇಡಿ.

ಉತ್ತರ 3

ಅದೇ ದಿನ ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯವನ್ನೂ ಸೇರಿಸಬೇಡಿ ಅಂತ ನನ್ನ ಸಲಹೆ. ಹತ್ತಿರ ಇದೆ ನಿಜ. ನೆಹರೂ ಇದ್ದ ಮನೆ, ನಮ್ಮ ದೇವೇಗೌಡರ ಬಗ್ಗೆಯೂ ಅಲ್ಲಿದೆ. ಆದರೆ ದೊಡ್ಡದು, ನನ್ನ ಕಾಲೇ ಸೋತುಹೋಯಿತು. ಬೇಕಿದ್ದರೆ ಗಾಂಧಿ ಸ್ಮೃತಿಗೆ ಹೋಗಿ. ಗಾಂಧೀಜಿಯ ಕೊನೆಯ 144 ದಿನ ಕಳೆದದ್ದು ಅಲ್ಲಿ. ಕೂರಲು ನೆರಳಿದೆ.

ಇನ್ನೊಂದು, ಅಮ್ಮನ ಕತೆಗೆ ಒಂದು ಸಣ್ಣ ತಿದ್ದುಪಡಿ. ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಇಂದಿರಾ ಈ ಮನೆಯಲ್ಲಿ ಇರಲಿಲ್ಲ. 1977ರಲ್ಲಿ ಸೋತ ಮೇಲೆ ಖಾಲಿ ಮಾಡಿ ದೆಹಲಿಯಲ್ಲೇ ವಿಲ್ಲಿಂಗ್ಡನ್ ಕ್ರೆಸೆಂಟ್ ರಸ್ತೆಯ ಮನೆಗೆ ಹೋಗಿದ್ದರು. ವಾಪಸ್ ಬಂದದ್ದು 1980ರಲ್ಲಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಎಲ್ಲ ಓದಿ ಹೇಳಿದೆ. "ಆ ಸೀರೆ ನಂಗೆ ಬೇಡ, ಓದೋ ಕೋಣೆ ತೋರ್ಸು ಸಾಕು" ಅಂದರು. ತಿದ್ದುಪಡಿ ಕೇಳಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ನಮ್ಮ ವೋಟಿನಿಂದಾನೇ ಮನೆಗೆ ವಾಪಸ್ ಬಂದ್ರು ಅನ್ನು" ಅಂತ ನಕ್ಕರು. ಬುಧವಾರ ಬೆಳಗ್ಗೆಗೆ ಇಟ್ಟುಕೊಂಡಿದ್ದೇವೆ.