ಪದಚರ್ಚೆ: ‘ಮಾನಸಿಕ ಅಸ್ವಸ್ಥ’ ಅಂದರೆ ಯಾರು? ‘ಫೊರೆನ್ಸಿಕ್’ಗೆ ಕನ್ನಡ ಇದೆಯಾ?

ಗೆಳೆಯರೇ, ನಮಸ್ಕಾರ.

ಒಂದು ಅನುವಾದದಲ್ಲಿ ಕಾಲು ಹೂತುಹೋಗಿದೆ. ಹನ್ನೆರಡು ಪುಟದ ಕೈಪಿಡಿ, ಅಷ್ಟೇ. ಓದುವವರು ಅಪ್ಪ ಅಮ್ಮಂದಿರು. ಬುದ್ಧಿ ಬೆಳವಣಿಗೆ ಕಮ್ಮಿ ಇರುವ ಮಗನೋ ಮಗಳೋ ಪೊಲೀಸ್ ಕೇಸಿನಲ್ಲಿ ಆರೋಪಿಯಾದರೆ ಮುಂದೇನು, ಕೋರ್ಟು ಏನು ಕೇಳುತ್ತದೆ, ಆಸ್ಪತ್ರೆಗೆ ಯಾಕೆ ಕಳಿಸುತ್ತಾರೆ, ಇವೆಲ್ಲ ಅದರಲ್ಲಿವೆ. ಇಂಗ್ಲಿಷ್ ಮೂಲದಲ್ಲಿ ಅರ್ಧ ನಮ್ಮ ಕಾನೂನು, ಅರ್ಧ ಇಂಗ್ಲೆಂಡಿನ ಅನುಭವ. ಮೂರು ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮೂರು ವಾರ ಆಯಿತು, ತಲೆಬರಹವೇ ಇನ್ನೂ ಇತ್ಯರ್ಥವಾಗಿಲ್ಲ.

ತಲೆಬರಹದಲ್ಲಿರುವ ಪದ ‘ಫೊರೆನ್ಸಿಕ್’. ಅದನ್ನು ಕೇಳಿದರೆ ನಮಗೆ ನೆನಪಾಗುವುದು ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ. ಸರ್ಕಾರಿ ಬೋರ್ಡಿನಲ್ಲಿ ‘ವಿಧಿವಿಜ್ಞಾನ ಪ್ರಯೋಗಾಲಯ’ ಅಂತ ಇದೆ, ಪೇಪರಿನವರೂ ಅದನ್ನೇ ಬಳಸುತ್ತಾರೆ. ಹಾಗಾದರೆ ಆರೋಪಿಯ ಮನಸ್ಸಿನ ಸ್ಥಿತಿ ನೋಡಿ ಕೋರ್ಟಿಗೆ ವರದಿ ಕೊಡುವ ಫೊರೆನ್ಸಿಕ್ ಸೈಕಿಯಾಟ್ರಿಸ್ಟ್‌ಗೆ ‘ವಿಧಿ ಮನೋವೈದ್ಯರು’ ಅನ್ನಬಹುದಲ್ಲ ಅಂತ ಅಮ್ಮನಿಗೆ ಓದಿ ಹೇಳಿದೆ. “ಜಾತಕಾನೂ ನೋಡ್ತಾರಾ?” ಅಂದರು. ಮನೆಮಾತಿನಲ್ಲಿ ವಿಧಿ ಅಂದರೆ ಹಣೆಬರಹ ತಾನೇ. ಆ ಪದ ಅಲ್ಲಿಗೇ ಬಿತ್ತು. ‘ನ್ಯಾಯಾಂಗ ಮನೋವೈದ್ಯರು’ ಅಂದರೆ ಜಡ್ಜುಗಳಿಗೆ ಔಷಧಿ ಕೊಡುವವರು ಅನ್ನಿಸುತ್ತದೆ. ‘ಅಪರಾಧ ಮನೋವೈದ್ಯರು’ ಇನ್ನೂ ಕೆಟ್ಟದ್ದು. ತೀರ್ಪು ಬರುವ ಮೊದಲೇ ಹುಡುಗನನ್ನು ಅಪರಾಧಿ ಮಾಡಿಬಿಡುತ್ತದೆ. ಲ್ಯಾಟಿನ್ನಿನಲ್ಲಿ ಫೋರಂ ಅಂದರೆ ಊರ ನಡುವಿನ ಚೌಕ. ರೋಮಿನಲ್ಲಿ ವ್ಯಾಜ್ಯ ನಡೆಯುತ್ತಿದ್ದದ್ದು ಅಲ್ಲೇ, ನಮ್ಮ ಪಂಚಾಯ್ತಿ ಕಟ್ಟೆಯ ಹಾಗೆ. ಫೊರೆನ್ಸಿಕ್ ಹುಟ್ಟಿದ್ದು ಅಲ್ಲಿಂದ. ಅಂದರೆ ಕೋರ್ಟಿಗೆ ಸಂಬಂಧಪಟ್ಟದ್ದು, ಅಷ್ಟೇ. ಸದ್ಯಕ್ಕೆ ಮೊದಲ ಪುಟದಲ್ಲಿ ಹಾಗೆ ಬಿಡಿಸಿ ಹೇಳಿ, ಮುಂದೆಲ್ಲ ‘ಫೊರೆನ್ಸಿಕ್’ ಅಂತಲೇ ಉಳಿಸಿದ್ದೇನೆ. ಒಳ್ಳೆಯ ಪದ ಹೊಳೆದರೆ ಕೊಡಿ.

ನಿಜವಾದ ತಲೆನೋವು ಇರುವುದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ‘ಮಾನಸಿಕ ಅಸ್ವಸ್ಥ’ದಲ್ಲಿ.

ಕಳೆದ ವರ್ಷ ಒಂದು ಕೋರ್ಟಿಗೆ ಬೇರೆ ಯಾವುದೋ ಕಾಗದದ ಕೆಲಸಕ್ಕೆ ಹೋಗಿದ್ದೆ. ವರಾಂಡದ ಬೆಂಚಿನ ಮೇಲೆ ಅಪ್ಪ, ಮಗ ಕೂತಿದ್ದರು. ಮಗನಿಗೆ ಇಪ್ಪತ್ತು ದಾಟಿರಬಹುದು. ಅಪ್ಪನ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಯಾರದೋ ಬೈಕು ತಳ್ಳಿಕೊಂಡು ಹೋದ ಅಂತ ಕೇಸು. “ಇದನ್ನ ಆ ಅಂಗಡಿ ಹತ್ರ ಬಿಟ್ಬಿಡಪ್ಪಾ” ಅಂತ ಯಾರೋ ಹೇಳಿದ್ದರಂತೆ, ಇವನು ಬಿಟ್ಟು ಬಂದ. ಬೆಳ್ಳಗಿರುವುದೆಲ್ಲ ಹಾಲು ಅಂತ ನಂಬುವ ಜೀವ. ಅಪ್ಪ ಒಂದು ಹಾಳೆ ನನ್ನ ಕೈಗೆ ಕೊಟ್ಟು ಓದಿ ಹೇಳಿ ಅಂದರು. ‘ಆರೋಪಿಯು ಮಾನಸಿಕ ಅಸ್ವಸ್ಥನಾಗಿರುವಂತೆ ಕಂಡುಬಂದಿರುತ್ತದೆ’ ಅಂತ ಇತ್ತು.

“ಸಾರ್, ಅವನಿಗೆ ಹುಚ್ಚಿಲ್ಲ. ಬುದ್ಧಿ ಬೆಳೀಲಿಲ್ಲ. ಹುಟ್ಟಿದಾಗಿನಿಂದ ಹಿಂಗೇ. ವಾಸಿ ಆಗ್ಲಿ, ಆಮೇಲೆ ನೋಡೋಣ ಅಂತಾರೆ. ಏನು ವಾಸಿ ಆಗೋದು ಸಾರ್?”

ಅವರು ಕಾನೂನು ಓದಿದವರಲ್ಲ. ಆದರೆ ಕಾನೂನು ಎಳೆದಿರುವ ಗೆರೆಯ ಮೇಲೇ ಬೆರಳಿಟ್ಟಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ‘ಮಾನಸಿಕ ಕಾಯಿಲೆ’ಗೆ ಅರ್ಥ ಹೇಳುವಾಗಲೇ ಬುದ್ಧಿಮಾಂದ್ಯ ಇದರಲ್ಲಿ ಸೇರಿಲ್ಲ ಅಂತ ಬಿಡಿಸಿ ಹೇಳಿದೆ. ಕ್ರಿಮಿನಲ್ ಕೇಸಿನಲ್ಲೂ ಎರಡಕ್ಕೂ ಬೇರೆ ಬೇರೆ ಹಾದಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 2008ರ ತಿದ್ದುಪಡಿ ಕಾಯ್ದೆಯಲ್ಲಿ ಈ ಭೇದ ಬಂತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಮಿನಲ್ಲೂ ಉಳಿದಿದೆ. ಆರೋಪಿಯ ಚಿತ್ತ ಸ್ವಸ್ಥವಿಲ್ಲ, ತನ್ನ ಪರವಾಗಿ ಹೇಳಿಕೊಳ್ಳುವ ಸ್ಥಿತಿಯಲ್ಲಿಲ್ಲ, ಆದರೆ ಮೇಲ್ನೋಟಕ್ಕೆ ಕೇಸು ಇದೆ ಅಂತಾದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆಯನ್ನು ಮುಂದೂಡುತ್ತಾರೆ. ಬುದ್ಧಿಮಾಂದ್ಯದಿಂದಾಗಿ ಹೇಳಿಕೊಳ್ಳಲು ಆಗುವುದಿಲ್ಲ ಅಂತಾದರೆ ವಿಚಾರಣೆಯನ್ನು ಮುಗಿಸಿಬಿಡಬೇಕು. ಒಂದು ಕಡೆ ಮುಂದೂಡಿಕೆ, ಇನ್ನೊಂದು ಕಡೆ ಮುಕ್ತಾಯ. ಎರಡಕ್ಕೂ ‘ಮಾನಸಿಕ ಅಸ್ವಸ್ಥ’ ಅಂತಲೇ ಬರೆದರೆ ಆ ಅಪ್ಪ ವಾಯಿದೆಯಿಂದ ವಾಯಿದೆಗೆ ಬಸ್ಸು ಹತ್ತುತ್ತಲೇ ಇರಬೇಕು.

ವಿಚಾರಣೆ ಮುಗಿದ ಮೇಲೆ ಕೋರ್ಟು ಅವನನ್ನು ಬಿಡಬಹುದು, ಇಲ್ಲವೇ ಆರೈಕೆ, ತಕ್ಕ ಶಿಕ್ಷಣ, ತರಬೇತಿ ಸಿಗುವ ವಸತಿ ಸಂಸ್ಥೆಗೆ ಕಳಿಸಬಹುದು. ‘ಶಿಕ್ಷೆ’, ‘ಶಿಕ್ಷಣ’ ಎರಡೂ ಒಂದೇ ಧಾತುವಿನಿಂದ ಬಂದವು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದು ಇಲ್ಲಿ ನೆನಪಾಗಿ ನಗು ಬಂತು. ಹಾಗಾಗಿ ಬುದ್ಧಿಮಾಂದ್ಯದ ಮಾತು ಬಂದಲ್ಲೆಲ್ಲ ‘ಚಿಕಿತ್ಸೆ’ ಹೊಡೆದುಹಾಕಿ ‘ಆರೈಕೆ’ ಅಂತ ಮಾಡಿದ್ದೇನೆ. ಹಾಗಂತ ಇವರಿಗೆ ಖಿನ್ನತೆ, ಭ್ರಮೆ ಬರುವುದೇ ಇಲ್ಲ ಅಂತಲ್ಲ. ಬಂದರೆ ಅದಕ್ಕೆ ಚಿಕಿತ್ಸೆಯೇ ಬೇಕು. ಎರಡೂ ಒಟ್ಟಿಗಿರುವವರ ಪುಟದಲ್ಲಿ ಎರಡು ಪದವನ್ನೂ ಇಟ್ಟಿದ್ದೇನೆ.

ಪಾರ್ಲಿಮೆಂಟಿಗೂ ಈ ಪದ ಸುಲಭ ಆಗಲಿಲ್ಲ. ಹಳೆಯ ಐಪಿಸಿಯ 84ನೇ ಕಲಮು ‘ಅಸ್ವಸ್ಥ ಚಿತ್ತ’ದ ಬಗ್ಗೆ ಇತ್ತು: ಅದರಿಂದಾಗಿ ತಾನೇನು ಮಾಡುತ್ತಿದ್ದೇನೆ ಅಂತ ತಿಳಿಯದೆ ಮಾಡಿದ್ದು ಅಪರಾಧ ಅಲ್ಲ ಅಂತ. ಅದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಲ್ಲಿದೆ. ಐಪಿಸಿಯ ಜಾಗಕ್ಕೆ ತರಲು 2023ರ ಆಗಸ್ಟಿನಲ್ಲಿ ಮಂಡಿಸಿದ ಹೊಸ ಮಸೂದೆಯಲ್ಲಿ ಅದನ್ನು ‘ಮಾನಸಿಕ ಕಾಯಿಲೆ’ ಅಂತ ಬದಲಿಸಿದ್ದರು. ಡಿಸೆಂಬರಿನಲ್ಲಿ ಪಾಸಾದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿ ಮತ್ತೆ ಹಳೆಯ ಮಾತೇ ಬಂತು. ನನ್ನ ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ‘ಕಾಯಿಲೆ’ ಅಂತಲೇ ಉಳಿದಿದ್ದರೆ, 2017ರ ಕಾಯ್ದೆಯ ಅರ್ಥವನ್ನು ಮುಂದಿಟ್ಟು, ಆ ಬೆಂಚಿನ ಮೇಲಿನ ಹುಡುಗ ಇದರೊಳಗೆ ಬರುವುದಿಲ್ಲ ಅಂತ ಯಾರಾದರೂ ವಾದಿಸಬಹುದಿತ್ತು. ಮೂಗು ಮುರಿಯುವಂಥ ಹಳೆಯ ಪದವೇ ಇಲ್ಲಿ ಜಾಸ್ತಿ ಜನಕ್ಕೆ ನೆರಳು ಕೊಡುತ್ತದೆ. ‘ಸ್ವಸ್ಥ ಚಿತ್ತದಿಂದ ಬರೆಸಿದ ವಿಲ್’ ಅಂತ ಉಪನೋಂದಣಿ ಕಚೇರಿಯಲ್ಲಿ ಕೇಳಿದವರಿಗೆ ಅರ್ಥವೂ ಆಗುತ್ತದೆ.

ಹಾಗಾದರೆ ಇಂಟೆಲೆಕ್ಚುವಲ್ ಡಿಸೆಬಿಲಿಟಿಗೆ ಏನನ್ನೋಣ? ‘ಬುದ್ಧಿಮಾಂದ್ಯ’ ಎಲ್ಲರಿಗೂ ಗೊತ್ತು. ಆದರೆ ಅದು ಇಂಗ್ಲಿಷಿನವರು ಈಗ ಕೈಬಿಟ್ಟಿರುವ ‘ಮೆಂಟಲ್ ರಿಟಾರ್ಡೇಷನ್’ (ಎಂ.ಆರ್.) ಅನ್ನುವ ಹಳೆಯ ಪದದ ಜೋಡಿ. ವಿಶೇಷ ಶಾಲೆಗಳ ಸುತ್ತಮುತ್ತ ತಾಯಂದಿರು ಇವತ್ತಿಗೂ “ನಮ್ದು ಎಂ.ಆರ್. ಮಗು” ಅನ್ನುತ್ತಾರೆ. ‘ಬೌದ್ಧಿಕ ಅಂಗವೈಕಲ್ಯ’ ಅಂತ ಬರೆದರೆ, ಬುದ್ಧಿ ಯಾವತ್ತಿನಿಂದ ಅಂಗ ಆಯಿತು ಅಂತ ನನ್ನೊಳಗಿನ ವ್ಯಾಕರಣದವನು ಕೇಳುತ್ತಾನೆ. ‘ಬೌದ್ಧಿಕ ವಿಕಲತೆ’ ತಪ್ಪಿಲ್ಲ, ಆದರೆ ಆ ಅಪ್ಪನಿಗೆ ಓದಿ ಹೇಳಿದರೆ ಮುಖ ನೋಡುತ್ತಾರೆ. ನನ್ನ ಒಲವು ಅವರೇ ಕೊಟ್ಟ ಮಾತಿನ ಕಡೆಗೆ: ‘ಬುದ್ಧಿ ಬೆಳವಣಿಗೆಯ ಕೊರತೆ’. ಉದ್ದ ಆಯಿತು, ಒಪ್ಪುತ್ತೇನೆ. ಕಾನೂನಿನ ಸಾಲು ಬಂದಲ್ಲಿ ಮಾತ್ರ ‘ಬುದ್ಧಿಮಾಂದ್ಯ’ ಇಟ್ಟುಕೊಂಡಿದ್ದೇನೆ.

ಇನ್ನೊಂದು ಗುಂಡಿ ಇಂಗ್ಲೆಂಡಿನದು. ಅಲ್ಲಿ ಇದಕ್ಕೇ ‘ಲರ್ನಿಂಗ್ ಡಿಸೆಬಿಲಿಟಿ’ ಅನ್ನುತ್ತಾರೆ. ನಮ್ಮಲ್ಲಿ ಆ ಪದ ಕೇಳಿದರೆ ಟೀಚರುಗಳಿಗೆ ಹೊಳೆಯುವುದು ಡಿಸ್ಲೆಕ್ಸಿಯಾ, ಅಕ್ಷರ ತಿರುಗಿಸಿ ಬರೆಯುವ ಜಾಣ ಮಗು. ನಾಟಿಂಗ್‌ಹ್ಯಾಮ್‌ಶೈರಿನ ರ‍್ಯಾಂಪ್ಟನ್ ಆಸ್ಪತ್ರೆಯಲ್ಲಿ ಬುದ್ಧಿ ಬೆಳವಣಿಗೆಯ ಕೊರತೆ ಇರುವವರಿಗಾಗಿ ಇರುವ ಬಿಗಿ ಕಾವಲಿನ ವಿಭಾಗದ ಬಗ್ಗೆ ಮೂಲದಲ್ಲಿ ಒಂದು ಪ್ಯಾರಾ ಇದೆ. ಮೊದಲ ಕರಡಿನಲ್ಲಿ ಕಣ್ಣುಮುಚ್ಚಿ ‘ಕಲಿಕಾ ನ್ಯೂನತೆ ಇರುವವರು’ ಅಂತ ಬರೆದುಬಿಟ್ಟಿದ್ದೆ. ಅದನ್ನು ಓದಿದ ನನ್ನ ತಂಗಿ ಶಾಲೆಯಲ್ಲಿ ಟೀಚರು. “ಏನಣ್ಣಾ, ಕಾಗುಣಿತ ತಪ್ಪಿದವರನ್ನೆಲ್ಲ ಕೂಡಿಹಾಕ್ತಾರಾ ಅಲ್ಲಿ?” ಅಂದಳು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯೂ ಸಹಾಯ ಮಾಡುವುದಿಲ್ಲ. ಕಲಿಕಾ ನ್ಯೂನತೆ, ಆಟಿಸಂ ಎರಡನ್ನೂ ಇಂಟೆಲೆಕ್ಚುವಲ್ ಡಿಸೆಬಿಲಿಟಿ ಅನ್ನುವ ತಲೆಬರಹದ ಕೆಳಗೇ ಸೇರಿಸಿಟ್ಟಿದೆ.

ಈಗ ನನ್ನನ್ನು ಜಾಸ್ತಿ ಕಾಡಿದ ಎರಡು ಮಾತು. ಇವು ಅಚ್ಚ ಕನ್ನಡದವು: ‘ಹೂಂ’ ಮತ್ತು ‘ತಪ್ಪಾಯ್ತು’.

ಕೈಪಿಡಿಯಲ್ಲಿ ಲಂಡನ್ನಿನ ಒಂದು ಕೇಸು ಬರುತ್ತದೆ. 1972ರಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇ ಅನ್ನುವವರ ಕೊಲೆಯಾಯಿತು. ಮೂವರು ಹುಡುಗರು ಠಾಣೆಯಲ್ಲಿ ಒಪ್ಪಿಕೊಂಡರು. ಅವರಲ್ಲಿ ದೊಡ್ಡವನು ಕಾಲಿನ್ ಲ್ಯಾಟಿಮೋರ್, 18 ವರ್ಷ, ಬುದ್ಧಿ ಬೆಳವಣಿಗೆಯ ಕೊರತೆ ಇದ್ದವನು. ಶಿಕ್ಷೆಯೂ ಆಯಿತು. 1975ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಆ ಹೇಳಿಕೆಗಳ ಮೇಲೆ ನಿಲ್ಲಿಸಿದ ಕೇಸು ನಿಲ್ಲಲಿಲ್ಲ. ಇದರ ಮೇಲೆ ನಡೆದ ವಿಚಾರಣೆ ದಾರಿ ಮಾಡಿಕೊಟ್ಟು, ಮುಂದೆ 1984ರಲ್ಲಿ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಬಂತು. ಇಂಥವರನ್ನು ಪ್ರಶ್ನಿಸುವಾಗ ಪಕ್ಕದಲ್ಲಿ ಪೊಲೀಸನಲ್ಲದ ಒಬ್ಬ ದೊಡ್ಡವರು ಕೂತಿರಬೇಕು ಅಂತಾಯಿತು. ಅವರಿಗೆ ಇಂಗ್ಲಿಷಿನಲ್ಲಿ ‘ಅಪ್ರೋಪ್ರಿಯೇಟ್ ಅಡಲ್ಟ್’ ಅಂತ ಹೆಸರು. ‘ಸೂಕ್ತ ವಯಸ್ಕ’ ಅಂದರೆ ವಧೂವರರ ಜಾಹೀರಾತಿನ ಹಾಗಿದೆ, ಅಲ್ವಾ? ‘ಜೊತೆಗೆ ಕೂರುವ ಹಿರಿಯರು’ ಅಂತ ಬರೆದು ನೋಡಿದೆ. ‘ಜೊತೆಗಾರರು’ ಸಾಕಾ?

ಯಾಕೆ ಒಪ್ಪಿಕೊಳ್ಳುತ್ತಾರೆ? ಗಿಸ್ಲಿ ಗುಡ್ಯೊನ್‌ಸನ್ ಅನ್ನುವ ಐಸ್‌ಲ್ಯಾಂಡಿನ ಮನಃಶಾಸ್ತ್ರಜ್ಞ, ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಈ ಗುಣವನ್ನು ಅಳೆಯಲು ಒಂದು ಪರೀಕ್ಷೆ ಮಾಡಿದ್ದಾರೆ. ಚಿಕ್ಕ ಕಥೆ ಓದಿ ಹೇಳುವುದು, ಆಮೇಲೆ ಕಥೆಯಲ್ಲಿ ಇಲ್ಲದ್ದನ್ನೂ ಇದೆ ಅನ್ನುವ ಹಾಗೆ ಕೇಳುವುದು. ಎಷ್ಟು ಸಲ ಬಾಗಿದ ಅನ್ನುವುದು ಒಂದು ಅಂಕ. “ಸುಮಾರು ತಪ್ಪು ಹೇಳಿದೀಯ, ಇನ್ನೊಂದ್ಸಲ ನೋಡೋಣ” ಅಂತ ಗಟ್ಟಿಯಾಗಿ ಹೇಳಿ ಮತ್ತೆ ಕೇಳಿದಾಗ ಎಷ್ಟು ಉತ್ತರ ಹೊರಳಿದವು ಅನ್ನುವುದು ಇನ್ನೊಂದು. ‘ಬಾಗು’, ‘ಹೊರಳು’ ಅಂತಲೇ ಇಟ್ಟಿದ್ದೇನೆ. ಒಟ್ಟು ಗುಣಕ್ಕೆ ನಮ್ಮಲ್ಲಿ ಕೋಲೆ ಬಸವ ಇದ್ದಾನೆ. ಆದರೆ ಯಾರ ಮಗನಿಗೋ ‘ಕೋಲೆ ಬಸವ’ ಅಂತ ಅಚ್ಚು ಹಾಕುವುದು ಹೇಗೆ?

ಕನ್ನಡದ ‘ಹೂಂ’ಗೆ ಇಂಗ್ಲಿಷಿನ ಯೆಸ್‌ಗಿಂತ ಕೆಲಸ ಜಾಸ್ತಿ. ಅಜ್ಜಿ ಕಥೆ ಹೇಳುವಾಗ ಮಗು ಹೂಂಗುಟ್ಟದಿದ್ದರೆ ಕಥೆ ನಿಲ್ಲುತ್ತದೆ. ಅಲ್ಲಿ ಹೂಂ ಅಂದರೆ ಕೇಳ್ತಾ ಇದೀನಿ, ಮುಂದೆ ಹೇಳು. ಠಾಣೆಯಲ್ಲಿ “ಬೈಕ್ ತಗೊಂಡೆ, ಅಲ್ವಾ?” ಅಂದಾಗ ಬಂದ ಹೂಂ ಕಾಗದದ ಮೇಲೆ ‘ಹೌದು’ ಆಗುತ್ತದೆ. ‘ತಪ್ಪಾಯ್ತು’ ಇನ್ನೂ ಕಷ್ಟ. ಇಂಥ ಮಕ್ಕಳಿಗೆ ನಾವು ಮೊದಲು ಕಲಿಸುವ ಮರ್ಯಾದೆಯ ಮಾತೇ ಅದು. ಯಾರಾದರೂ ಗದರಿಸಿದರೆ ತಪ್ಪಾಯ್ತು ಅನ್ನು, ಬಿಟ್ಬಿಡ್ತಾರೆ ಅಂತ. ವರಾಂಡದಲ್ಲಿ ಪೇದೆಯೊಬ್ಬರು “ಏ, ಕಾಲು ತೆಗಿ” ಅಂದಾಗಲೂ ಆ ಹುಡುಗ ಎದ್ದು ನಿಂತು, ಕೆನ್ನೆ ಮುಟ್ಟಿಕೊಂಡು, “ತಪ್ಪಾಯ್ತು, ತಪ್ಪಾಯ್ತು” ಅಂದ. ‘ತಪ್ಪಾಯ್ತು’ವಿನಿಂದ ‘ತಪ್ಪೊಪ್ಪಿಗೆ’ಗೆ ಒಂದೇ ಹೆಜ್ಜೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯ ಆಗುವುದಿಲ್ಲ, ನಿಜ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು ಆಗಬಹುದು. ಅಲ್ಲೂ ಅವನು ಹೇಳುವುದು ಇದೇ ಮಾತು. ಮೂಲದಲ್ಲಿ ಇಲ್ಲದಿದ್ದರೂ ಇದರ ಬಗ್ಗೆ ಚೌಕಟ್ಟಿನೊಳಗೆ ಒಂದು ಟಿಪ್ಪಣಿ ಸೇರಿಸಲು ಒಪ್ಪಿಗೆ ಕೇಳಿದ್ದೇನೆ.

‘ಮಾನಸಿಕ ವಯಸ್ಸು’ ಬಗ್ಗೆ ಒಂದೆರಡು ಸಾಲು. ಬುದ್ಧಿ ಎಷ್ಟು ವರ್ಷದ ಮಗುವಿನಷ್ಟಿದೆ ಅಂತ ಅಳೆಯುವ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅನ್ನುವವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದ್ದರು, ಹಾಗಾಗಿ ಈ ಮಾತು ನಮಗೆ ಹೊಸದಲ್ಲ. ಆದರೆ ‘ಆರು ವರ್ಷದ ಮಗುವಿನ ಬುದ್ಧಿ’ ಅಂತ ಬರೆದರೆ ಓದುವವರು ಅವನನ್ನು ಮಗು ಅಂತಲೇ ಲೆಕ್ಕ ಹಾಕುತ್ತಾರೆ. ಪೋಕ್ಸೋ ಕಾಯ್ದೆಯಲ್ಲಿ ‘ಮಗು’ ಅಂದರೆ ಮಾನಸಿಕ ವಯಸ್ಸೂ ಸೇರುತ್ತದೆಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಸೇರುವುದಿಲ್ಲ ಅಂತ 2017ರಲ್ಲಿ ತೀರ್ಪು ಬಂತು. ಆ ಪದವನ್ನು ಸರ್ಟಿಫಿಕೇಟಿನ ಮಾದರಿಯಲ್ಲಿ ಬಿಟ್ಟು ಬೇರೆಲ್ಲೂ ಬಳಸಿಲ್ಲ. ‘ಸೆಕ್ಯೂರ್ ಯೂನಿಟ್’ಗೆ ‘ಭದ್ರತಾ ಘಟಕ’ ಬೇಡ, ಮಂತ್ರಿಗಳು ಬರುವಾಗಿನ ಬಂದೋಬಸ್ತು ನೆನಪಾಗುತ್ತದೆ. ‘ಕಾವಲಿರುವ ವಾರ್ಡು’ ಸಾಕು ಅನ್ನಿಸಿದೆ.

ನನಗೆ ಬೇಕಾಗಿರುವುದು ಇಷ್ಟು. ಧಾರವಾಡದ ಕಡೆ ‘ಮಳ್ಳ’, ನಮ್ಮ ಕಡೆ ‘ಪೆದ್ದ’, ‘ಮಂಕ’, ಇವೆಲ್ಲ ಬೈಗುಳ. ಬೈಗುಳ ಅಲ್ಲದ, ಮನೆಯವರೇ ಪ್ರೀತಿಯಿಂದ ಆಡುವ ಮಾತು ನಿಮ್ಮೂರಲ್ಲಿ ಇದೆಯಾ? ಕುಂದಾಪುರ, ಬೀದರ್, ಕೊಳ್ಳೇಗಾಲ, ಯಾವ ಕಡೆಯದಾದರೂ ಸರಿ. ಕೋರ್ಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, 367ನೇ ಕಲಮಿನ ಆದೇಶ ಬರೆಯುವಾಗ ಆ ಎರಡು ಸ್ಥಿತಿಗಳಿಗೆ ಯಾವ ಪದ ಹಾಕುತ್ತೀರಿ ಅಂತ ದಯವಿಟ್ಟು ತಿಳಿಸಿ. ಕರಡು ಮುಂದಿನ ಸೋಮವಾರ ಕೊಡಬೇಕು.