ಪದಚರ್ಚೆ: ಕೌಂಟ್ ಶುವಾಲೊವ್‌ನ ಹುದ್ದೆಗಳಿಗೆ ಕನ್ನಡ ಬೇಕು (ತುರ್ತು)

ಅಚ್ಚುಮೊಳೆ:
ಬಳಗದವರಿಗೆ ನಮಸ್ಕಾರ. ಒಂದು ಕಾಲೇಜಿನವರು 1878ರ ಬರ್ಲಿನ್ ಕಾಂಗ್ರೆಸ್ (ರಷ್ಯಾ–ತುರ್ಕಿ ಯುದ್ಧದ ನಂತರ ಯುರೋಪಿನ ದೊಡ್ಡ ದೇಶಗಳು ಸೇರಿದ ಸಭೆ) ಬಗ್ಗೆ ಗೋಡೆಗೆ ಹಾಕುವ ಫಲಕಗಳನ್ನು ಅನುವಾದಕ್ಕೆ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ರಷ್ಯಾದ ಪ್ಯೋತರ್ ಶುವಾಲೊವ್ ಒಬ್ಬನೇ ಬಾಕಿ ಉಳಿದಿದ್ದಾನೆ. ಚಿತ್ರದ ಕೆಳಗೆ ಮೂರೇ ಸಾಲಿಗೆ ಜಾಗ. ದೊಡ್ಡ ಮನೆತನ, ಬಿರುದು ‘ಗ್ರಾಫ್’. 1857ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ‘ಓಬರ್‌ಪೊಲಿತ್ಸ್‌ಮೈಸ್ತರ್’, ಅಂದರೆ ನಗರದ ಪೊಲೀಸ್ ಮುಖ್ಯಸ್ಥ. 1866ರಿಂದ 1874ರವರೆಗೆ ‘ಶೆಫ್ ಝಂದಾರ್ಮೊವ್’ (ಝಂದಾರ್ಮ್ ಎಂಬ ಪಡೆಯ ಮುಖ್ಯಸ್ಥ), ಜೊತೆಗೆ ಚಕ್ರವರ್ತಿಯ ಸ್ವಂತ ಕಚೇರಿಯ ಮೂರನೇ ವಿಭಾಗದ, ಅಂದರೆ ಗುಪ್ತ ಪೊಲೀಸರ, ಮುಖ್ಯಸ್ಥ. ಆಮೇಲೆ 1879ರವರೆಗೆ ಲಂಡನ್ನಿನಲ್ಲಿ ರಾಯಭಾರಿ. ಗ್ರಾಫ್ ಅಂತ ಬರೆದರೆ ಹುಡುಗರು ಗ್ರಾಫ್ ಹಾಳೆ ಅಂದುಕೊಳ್ಳುತ್ತಾರೆ. ಶೆಫ್ ಅಂದರೆ ಹೋಟೆಲಿನ ಅಡುಗೆಯವನಾಗುತ್ತಾನೆ. ಏನು ಹಾಕಲಿ?

ತಿಳಿನುಡಿ:
ಕಾಪೊಡೆಯ. ಮುಗಿಯಿತು. ಪೊಲೀಸ್ ಎಂಬ ಹೊರನುಡಿಯನ್ನು ಇನ್ನೆಶ್ಟು ದಿನ ಹೊತ್ತು ತಿರುಗುವುದು? ಸಕ್ಕದದ ಆರಕ್ಶಕನೂ ಬೇಡ. ಕಾಯ್, ಕಾಪು, ಕಾವಲು ಎಲ್ಲವೂ ನಮ್ಮವೇ. ದೊಡ್ಡ ಮನೆತನದವನಿಗೆ ‘ಮೇಲ್ಮನೆಯವ’ ಸಾಕು.

ಹಳೇಪೇಟೆ:
ಮೇಲ್ಮನೆಯವ ಅಂದರೆ ವಿಧಾನ ಪರಿಷತ್ ಸದಸ್ಯ, ಸ್ವಾಮಿ. ‘ನಗರ ಪೊಲೀಸ್ ಆಯುಕ್ತ’ ಅಂತ ಹಾಕಿ ಮಲಗಿ.

ಶಾಸನಪ್ರಿಯ:
ಆಯುಕ್ತ ನಿನ್ನೆ ಮೊನ್ನೆ ಬಂದ ಸರ್ಕಾರಿ ಪದ. ನಮ್ಮ ಶಾಸನಗಳಲ್ಲಿ ‘ತಳಾರ’ ಇರುವಾಗ ಈ ಪರದಾಟ ಯಾಕೆ? ಊರು ಕಾಯುವ ಹೊಣೆ ಹೊತ್ತವನು ಅವನು. ಇನ್ನೂ ಹಿಂದಕ್ಕೆ ಹೋಗಿ. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ, ಅಂದರೆ ಕ್ರಿ.ಶ. 3ನೇ ಶತಮಾನದಲ್ಲಿ, ‘ಮಹಾತಲವರ’ ಎನ್ನುವುದು ದೊಡ್ಡ ಕುಳಗಳ ಬಿರುದು. ರಾಜನ ಒಡಹುಟ್ಟಿದವಳನ್ನೇ ಮಹಾತಲವರನ ಮನೆಗೆ ಕೊಟ್ಟಿದ್ದರು. ಕುಲೀನನೂ ಆಯಿತು, ಕಾವಲಿನವನೂ ಆಯಿತು, ಒಂದೇ ಪದದಲ್ಲಿ. ತಳ ಎಂದರೆ ಸ್ಥಲ ಎನ್ನುವವರು ತಮಿಳಿನ ತಲೈಯಾರಿ, ತೆಲುಗಿನ ತಲಾರಿ ನೋಡಿಕೊಂಡು ಬನ್ನಿ. ಅದು ತಲೆಯಿಂದ ಬಂದದ್ದೆಂದೇ ನನ್ನ ಮತ.

ಮಲಪ್ರಭಾ:
ಸರ, ನಮ್ಮ ಕಡೆ ತಳವಾರ ಅಂದ್ರ ಡಂಗುರ ಸಾರಾಂವ, ಚಾವಡಿ ಕಾಯಾಂವ. ಅದು ಒಂದು ಸಮಾಜದ ಹೆಸರೂ ಹೌದು. ರಷ್ಯಾದ ಗುಪ್ತ ಪೊಲೀಸರ ಧಣಿಗೆ ಅದನ್ನ ಹಚ್ಚಿದ್ರ ಓದಿದಾಂವ ಏನಂತ ತಿಳ್ಕೋಬೇಕು? ಕೊತ್ವಾಲ ಯಾಕ ಬ್ಯಾಡ?

ಶಾಸನಪ್ರಿಯ:
ಇಂದಿನ ಅರ್ಥ ಹಿಡಿದುಕೊಂಡು ಶಾಸನಕ್ಕೆ ಪಾಠ ಹೇಳಬೇಡಿ.

ಹಳೇಪೇಟೆ:
ಕೊತ್ವಾಲ ಅಂದರೆ ಬೆಂಗಳೂರಿನವರಿಗೆ ಪೊಲೀಸ್ ನೆನಪಾಗುವುದಿಲ್ಲ ಮೇಡಂ, ಎಂಬತ್ತರ ದಶಕದ ರೌಡಿ ನೆನಪಾಗುತ್ತಾನೆ.

ನೆವಾತೀರ:
ಸ್ವಲ್ಪ ರಷ್ಯನ್ ಕಲಿತವನಾಗಿ ನನ್ನದೊಂದು ಮಾತು. ಗ್ರಾಫ್ ಜರ್ಮನ್ ಪದ. ಮಹಾ ಪೀಟರ್ 1706ರಲ್ಲಿ ಶೆರೆಮೆತೆವ್‌ಗೆ ಕೊಟ್ಟ ಮೇಲೆ ಅದು ರಷ್ಯನ್ ಬಿರುದಾಯಿತು. ಓಬರ್‌ಪೊಲಿತ್ಸ್‌ಮೈಸ್ತರ್ ಅಡಿಯಿಂದ ಮುಡಿಯವರೆಗೆ ಜರ್ಮನ್. ಶೆಫ್, ಝಂದಾರ್ಮ್ ಎರಡೂ ಫ್ರೆಂಚ್. ಎರಡನೆಯದರ ಮೂಲ ಅರ್ಥ ‘ಆಯುಧ ಹಿಡಿದ ಮಂದಿ’. ಅಚ್ಚ ಸ್ಲಾವ್ ಪದ ಬರುವುದು ಇವನ ಕೊನೆಯ ಹುದ್ದೆಗೆ: ರಾಯಭಾರಿಗೆ ಅವರು ‘ಪೊಸೊಲ್’ ಅನ್ನುತ್ತಾರೆ, ಕಳುಹಿಸಲ್ಪಟ್ಟವನು ಅಂತ. ಅವನನ್ನು ಕಳುಹಿಸಿದ್ದೂ ಹಾಗೆಯೇ, ಆಸ್ಥಾನದಿಂದ ದೂರ.

ಝಂದಾರ್ಮರನ್ನು ಬರೀ ಪೊಲೀಸ್ ಅಂದರೆ ತಪ್ಪಾಗುತ್ತದೆ. ಅದು ಸೈನ್ಯದ ಶಿಸ್ತಿನ ರಾಜಕೀಯ ಪೊಲೀಸ್ ಪಡೆ. 1866ರಲ್ಲಿ ಕರಕೋಜೊವ್ ಎಂಬಾತ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಮೇಲೆ ಗುಂಡು ಹಾರಿಸಿದ ಮೇಲೆ ಹಳೇ ಮುಖ್ಯಸ್ಥನ ಜಾಗದಲ್ಲಿ ಶುವಾಲೊವ್‌ನನ್ನು ಕೂರಿಸಿದರು. ಎಷ್ಟು ಬಲಿತನೆಂದರೆ ಜನ ಬೆನ್ನ ಹಿಂದೆ ‘ನಾಲ್ಕನೇ ಪೀಟರ್’, ಅಂದರೆ ಇನ್ನೊಬ್ಬ ಚಕ್ರವರ್ತಿ, ಅನ್ನುತ್ತಿದ್ದರು. ಈ ಗತ್ತು ಯಾವ ತಳವಾರನಿಗೂ ಇರಲಿಲ್ಲ, ಮೇಷ್ಟ್ರೇ. ಗ್ರಾಫ್‌ಗೆ ‘ಕೌಂಟ್’ ಹಾಕಿ. ಟಾಲ್‌ಸ್ಟಾಯ್ ಕೌಂಟ್ ಅಂತ ನಮ್ಮವರಿಗೆ ಗೊತ್ತೇ ಇದೆ, ಅದೂ ಇದೇ ಬಿರುದು.

ತಿಳಿನುಡಿ:
ರಶ್ಯನ್ನರು ಸಾಲ ಮಾಡಿದರೆಂದು ನಾವೂ ಮಾಡಬೇಕೇ? ‘ರಾಯಬಾರಿ’ಯಲ್ಲೂ ರಾಯ ಸಕ್ಕದದ ರಾಜನಿಂದ ಬಂದವ, ಬಾರ ಎರವಲು. ಅದಕ್ಕೂ ನಮ್ಮದೇ ಪದ ಬೇಕು.

ಹಳೇಪೇಟೆ:
ಒಳ್ಳೆಯದು. ಹಾಗಾದರೆ ನಿಮ್ಮ ಕುರ್ಚಿ, ಕಾಗದ, ಕಚೇರಿ ಎಲ್ಲ ವಾಪಸ್ ಕೊಟ್ಟು ನಿಂತುಕೊಂಡು ಬರೆಯಿರಿ. ರಾಯಭಾರಿಯ ಮಾನ ಹೇಗೂ ಹೋಗಿದೆ, ಸೋಪು ಮಾರುವ ನಟರೆಲ್ಲ ಈಗ ರಾಯಭಾರಿಗಳೇ.

ಮಲಪ್ರಭಾ:
‘ಸಂಧಾನ’ದ ಮಾತೂ ಬರಬೇಕಲ್ರಿ. ಅಂಗದ ಹೋದದ್ದು ಸಂಧಾನಕ್ಕ, ಕೃಷ್ಣ ಹೋದದ್ದು ಸಂಧಾನಕ್ಕ. ಈ ಶುವಾಲೊವ್ ಮಾಡಿದ್ದೂ ಅದನ್ನ ಅಲ್ಲೇನು?

ನೆವಾತೀರ:
ಹೌದು, ಮಾಡಿದ್ದು ಅದನ್ನೇ. ಸೋತ ತುರ್ಕಿಯಿಂದ ರಷ್ಯಾ ಬರೆಸಿಕೊಂಡ ಸಾನ್ ಸ್ಟೆಫಾನೊ ಒಪ್ಪಂದದಿಂದ ಬ್ರಿಟನ್ ಯುದ್ಧಕ್ಕೇ ನಿಂತಿತ್ತು. 1878ರ ಮೇ 30ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸ್ಯಾಲಿಸ್‌ಬರಿ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ದೊಡ್ಡ ಬಲ್ಗೇರಿಯಾದ ಆಸೆ ಬಿಟ್ಟುಕೊಟ್ಟದ್ದು ಇವನೇ. ಗುಟ್ಟು ಉಳಿಯಲಿಲ್ಲ ಅನ್ನಿ. ವಿದೇಶಾಂಗ ಕಚೇರಿಯಲ್ಲಿ ನಕಲು ಬರೆಯುತ್ತಿದ್ದ ಹಂಗಾಮಿ ಗುಮಾಸ್ತನೊಬ್ಬ ಅದನ್ನು ‘ಗ್ಲೋಬ್’ ಪತ್ರಿಕೆಗೆ ಕೊಟ್ಟುಬಿಟ್ಟ. ಕೂಲಿಗೆ ಬರೆಯುವವರ ಕೈಯಲ್ಲಿ ಏನೇನಿರುತ್ತದೆ ನೋಡಿ, ಅಚ್ಚುಮೊಳೆಯವರೇ.

ಅಚ್ಚುಮೊಳೆ:
ನನ್ನ ಕೂಲಿಯ ಮಾತು ಆ ಕಾಲೇಜಿನವರ ಹತ್ತಿರ ಎತ್ತಬೇಡಿ ಸಾರ್, ಇನ್ನೂ ಬಂದಿಲ್ಲ. ಕೊನೆಗೆ ಹೀಗೆ ಕಳಿಸುತ್ತಿದ್ದೇನೆ:

‘ಕೌಂಟ್ ಪ್ಯೋತರ್ ಶುವಾಲೊವ್ (1827–1889). ರಷ್ಯಾದ ರಾಜಧಾನಿಯ ಪೊಲೀಸ್ ಮುಖ್ಯಸ್ಥ, ಬಳಿಕ ರಾಜಕೀಯ ಪೊಲೀಸ್ ಪಡೆಯ ದಳಪತಿ. 1874ರಿಂದ ಲಂಡನ್ನಿನಲ್ಲಿ ರಾಯಭಾರಿ. ಬರ್ಲಿನ್ ಸಂಧಾನದಲ್ಲಿ ವಿದೇಶಾಂಗ ಮಂತ್ರಿ ಗೊರ್ಚಕೊವ್ ಬಳಿಕ ರಷ್ಯಾದ ಎರಡನೇ ಪ್ರತಿನಿಧಿ.’

‘ಸಂಧಾನ’ ಮಲಪ್ರಭಾ ಅವರ ಕೊಡುಗೆ. ತಳವಾರನನ್ನು ಬಿಟ್ಟದ್ದಕ್ಕೆ ಮೇಷ್ಟ್ರ ಕ್ಷಮೆ ಇರಲಿ.

ತಿಳಿನುಡಿ:
ಮೂರು ಸಾಲಿನಲ್ಲಿ ಕನ್ನಡ ಹುಡುಕಬೇಕಾಗಿದೆ.

ಶಾಸನಪ್ರಿಯ:
ಪೊಲೀಸ್ ಎರಡು ಸಲ ಬಂದಿದೆ. ಮಹಾತಳಾರ ಇದ್ದಿದ್ದರೆ ಒಂದು ಸಾಲು ಉಳಿಯುತ್ತಿತ್ತು.

ನೆವಾತೀರ:
ತಡವಾಗಿ ಹೊಳೆಯಿತು. ರಷ್ಯನ್ನಿನ ಆ ಅಕ್ಷರವನ್ನು ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಹೋಗುತ್ತದೆ. ಶುವಾಲೊವ್ ಅಲ್ಲ, ಷುವಾಲೊವ್ ಆಗಬೇಕಿತ್ತು.

ಅಚ್ಚುಮೊಳೆ:
ಫ್ಲೆಕ್ಸ್ ಆಗಲೇ ಪ್ರಿಂಟಾಯಿತು ಸಾರ್.