ಕನ್ನಡ ಟಿವಿ ಮೊದಲು ಬಂದಿದ್ದು ಕಲಬುರಗಿ ಕಡೆಗಾ, ಬೆಂಗಳೂರಿಗಾ? ಚಂದನದ ಹಿಂದಿನ ಕಥೆ ಗೊತ್ತಿದ್ದವರು ಹೇಳಿ

ಹೊಸಪೇಟೆ_ಓದುಗ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನಮ್ಮ ಕಾಲೇಜಿನ ಕನ್ನಡ ಸಂಘದ ಸಂಚಿಕೆಗೆ ದೂರದರ್ಶನ ಚಂದನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎಲ್ಲಿ ಹುಡುಕಿದರೂ ಕಥೆ ಬೆಂಗಳೂರಿನಿಂದಲೇ ಶುರುವಾಗುತ್ತದೆ. 1981ರಲ್ಲಿ ಪ್ರಸಾರ ಶುರು, ಜೆ.ಸಿ. ನಗರದ ಟವರ್, ಆಮೇಲೆ ಧಾರಾವಾಹಿಗಳು, ಇಷ್ಟೇ. ಬರೆದಿದ್ದನ್ನು ನಮ್ಮ ಮೇಷ್ಟ್ರಿಗೆ ತೋರಿಸಿದೆ. ಅವರದು ರಾಯಚೂರು ಕಡೆ. ಬೆಂಗಳೂರಿನವರಿಗಿಂತ ಎಷ್ಟೋ ಮುಂಚೆ ನಮ್ಮ ಹಳ್ಳಿಯವರು ಕನ್ನಡದಲ್ಲಿ ಟಿವಿ ನೋಡಿದ್ದಾರೆ, ಅದನ್ನು ಬಿಟ್ಟು ಹೇಗೆ ಬರೆಯುತ್ತೀಯ ಅಂತ ಕೇಳಿದರು. ಉಪಗ್ರಹದಿಂದ ಬರುತ್ತಿತ್ತು ಅಂತಲೂ ಹೇಳಿದರು.

ಇದು ನಿಜವಾ? ನಿಜ ಆದರೆ ಅದು ಯಾಕೆ ನಿಂತುಹೋಯಿತು, ಬೆಂಗಳೂರಿಗೆ ಹೇಗೆ ಬಂತು, "ಚಂದನ" ಅನ್ನೋ ವಾಹಿನಿ ಆಗಿದ್ದು ಯಾವಾಗ, ಇದೆಲ್ಲ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಹಳೇ ಕಾರ್ಯಕ್ರಮಗಳ ಬರೀ ಪಟ್ಟಿ ನನಗೆ ಬೇಡ, ಅದು ಎಲ್ಲ ಕಡೆ ಸಿಗುತ್ತೆ.

ಸೇಡಂ_ರಸ್ತೆ:

ನಿಮ್ಮ ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಈ ಮಾತು ಬಂದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕಂದರೆ ನಮ್ಮ ಕಡೆಯ ಈ ಇತಿಹಾಸವನ್ನು ಯಾರೂ ಎತ್ತುವುದೇ ಇಲ್ಲ.

ಅದರ ಹೆಸರು ಸೈಟ್ (SITE). ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ನಡೆಯಿತು. ಉಪಗ್ರಹ ನಮ್ಮದಲ್ಲ, ನಾಸಾದ ಎಟಿಎಸ್-6. ಒಂದು ವರ್ಷದ ಮಟ್ಟಿಗೆ ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಇಸ್ರೋ ಮತ್ತು ಆಕಾಶವಾಣಿ ಸೇರಿ ಇದನ್ನು ನಡೆಸಿದವು. ಆಗ ದೂರದರ್ಶನ ಇನ್ನೂ ಆಕಾಶವಾಣಿಯ ಭಾಗವಾಗಿತ್ತು, ಬೇರೆ ಆಗಿದ್ದು 1976ರ ಏಪ್ರಿಲ್‌ನಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಈ ಮೂರು ಜಿಲ್ಲೆ. ಮಳೆ ಕಡಿಮೆ, ಸಾಲಿ ಕಡಿಮೆ, ರಸ್ತೆ ಕಡಿಮೆ, ಅದಕ್ಕೇ ಆರಿಸಿದ್ದು.

ಇನ್ನು ಅದು ಕೆಲಸ ಮಾಡುತ್ತಿದ್ದ ರೀತಿ ನೋಡಿ. ಕಾರ್ಯಕ್ರಮ ಅಹಮದಾಬಾದಿನ ಭೂಕೇಂದ್ರದಿಂದ ಮೇಲೆ ಹೋಗಬೇಕು, ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಇಳಿಯಬೇಕು. ನಡುವೆ ಯಾವ ಟವರೂ ಇಲ್ಲ. ಹಳ್ಳಿಯಲ್ಲಿ ಸಾಲಿ ಅಥವಾ ಪಂಚಾಯ್ತಿ ಕಟ್ಟೆ ಹತ್ತಿರ ಹತ್ತು ಅಡಿ ಅಗಲದ ಒಂದು ಡಿಶ್ ನಿಲ್ಲಿಸುತ್ತಿದ್ದರು. ಕೋಳಿ ಗೂಡಿಗೆ ಹೊಡೆಯುತ್ತೇವಲ್ಲ, ಅದೇ ತಂತಿ ಬಲೆಯಿಂದ ಮಾಡಿದ ಡಿಶ್. ಗಾಳಿ ಬಲೆಯ ತೂತಿನಿಂದ ಹಾದುಹೋಗುತ್ತದೆ, ಡಿಶ್ ಅಲ್ಲಾಡುವುದಿಲ್ಲ, ತೂಕವೂ ಕಡಿಮೆ, ಖರ್ಚೂ ಕಡಿಮೆ. ಒಳಗೆ ಹೈದರಾಬಾದಿನ ಇಸಿಐಎಲ್ ಮಾಡಿದ ದೊಡ್ಡ ಕಪ್ಪು ಬಿಳುಪು ಟಿವಿ. ಇಡೀ ಊರಿಗೆ ಒಂದೇ. ಬೆಳಿಗ್ಗೆ ಸಾಲಿ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ನಾಟಕ, ಹಾಡು.

ಕನ್ನಡದ ಕಾರ್ಯಕ್ರಮಗಳನ್ನು ತಯಾರಿಸಿದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಯಲ್ಲೇ. ಬೆಂಗಳೂರಿನಲ್ಲಿ ಆಗ ಟಿವಿ ಸ್ಟುಡಿಯೋನೇ ಇರಲಿಲ್ಲ. ಅಂದರೆ ಕನ್ನಡ ದೂರದರ್ಶನದ ಮೊದಲ ಪ್ರೇಕ್ಷಕರು ಅಂದರೆ ನೆಲದ ಮೇಲೆ ಕೂತು ನೋಡಿದ ಹಳ್ಳಿ ಮಂದಿ. ನನ್ನ ದೊಡ್ಡಪ್ಪ ಸಾಲಿ ಮಾಸ್ತರು, ಅವರ ಸಾಲಿಯಲ್ಲೂ ಒಂದು ಇತ್ತು. ಟಿವಿ ಪೆಟ್ಟಿಗೆಯ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತಂತೆ. ಹೆಣ್ಣುಮಕ್ಕಳು ಕೆಲಸ ಮುಗಿಸಿ ಬರುವುದು ತಡ ಆದರೆ ಊರವರು "ಸ್ವಲ್ಪ ತಡೀರಿ ಮಾಸ್ತರ್" ಅನ್ನುವರಂತೆ. ಅದೇನು ಅವರ ಕೈಯಲ್ಲಿದೆಯಾ, ಅಹಮದಾಬಾದಿನಿಂದ ಬರುವುದು ಅಂತ ಅವರು ವಿವರಿಸಬೇಕಿತ್ತು.

ವರ್ಷ ಮುಗಿದ ಕೂಡಲೇ ಉಪಗ್ರಹ ವಾಪಸು ಹೋಯಿತು. ಟಿವಿ ಪೆಟ್ಟಿಗೆ ಇದ್ದರೂ ಚಿತ್ರ ಇಲ್ಲ. ಮುಂದುವರಿಸಬೇಕು ಅಂತ ಸರ್ಕಾರ ಕೆಲವು ಕಡೆ ನೆಲದ ಟ್ರಾನ್ಸ್‌ಮಿಟರ್ ಹಾಕಿತು, ಅದರಲ್ಲಿ ಗುಲಬರ್ಗಾದ್ದೂ ಒಂದು. ಅದು 1977. ಬೆಂಗಳೂರಿಗಿಂತ ನಾಲ್ಕು ವರ್ಷ ಮುಂಚೆ. ಇದನ್ನು ದಯವಿಟ್ಟು ನಿಮ್ಮ ಲೇಖನದ ಮೊದಲ ಪುಟದಲ್ಲೇ ಹಾಕಿ.

ಟವರ್_ಪಕ್ಕದವ:

ಮೇಲಿನವರು ಬರೆದಿದ್ದು ಓದಿ ತುಂಬಾ ಖುಷಿ ಆಯಿತು. ನಾನು ಹುಟ್ಟಿ ಬೆಳೆದಿದ್ದು ಜೆ.ಸಿ. ನಗರ. ಇವತ್ತಿಗೂ ನಮ್ಮ ಕಡೆ ವಿಳಾಸ ಹೇಳುವಾಗ "ಟಿವಿ ಟವರ್ ಹತ್ತಿರ" ಅಂದರೆ ಸಾಕು, ಕಂಡಕ್ಟರ್ ಕೂಗುವುದೂ ಅದನ್ನೇ. ಬೆಂಗಳೂರಿನ ಭಾಗ ನಾನು ಹೇಳುತ್ತೇನೆ.

1981ರಲ್ಲಿ ಪ್ರಸಾರ ಶುರುವಾದಾಗ ಎಲ್ಲ ಸಣ್ಣ ಮಟ್ಟದಲ್ಲಿತ್ತು. ಪೂರ್ತಿ ಸ್ಟುಡಿಯೋ ಆಮೇಲೆ ಬಂತು. ಮರುವರ್ಷ, 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಗೇಮ್ಸ್, ಅದರ ಜೊತೆಗೇ ಬಣ್ಣದ ಪ್ರಸಾರ, ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಕಾರ್ಯಕ್ರಮ. ಆಗ ಒಂದು ಕಟ್ಟು ಬಿತ್ತು. ಸಂಜೆ ಹೊತ್ತು ಕನ್ನಡ, ರಾತ್ರಿ ಎಂಟೂವರೆ ಆಸುಪಾಸಿನಲ್ಲಿ ದೆಹಲಿ. ಕನ್ನಡಕ್ಕೆ ಸಿಕ್ಕಿದ್ದು ಆ ಎರಡು ಮೂರು ಗಂಟೆ. ಅಷ್ಟರಲ್ಲೇ ವಾರ್ತೆ, ರೈತರ ಕಾರ್ಯಕ್ರಮ, ನಾಟಕ, ಸಂಗೀತ, ಸಂದರ್ಶನ, ಮಕ್ಕಳ ಕಾರ್ಯಕ್ರಮ, ಸಿನಿಮಾ ಹಾಡುಗಳ ಚಿತ್ರಮಂಜರಿ, ವಾರಕ್ಕೊಂದು ಸಿನಿಮಾ ಎಲ್ಲ ಹಿಡಿಸಬೇಕು. ಅದಕ್ಕೇ ಒಂದೊಂದಕ್ಕೂ ಜನ ಕಾಯುತ್ತಿದ್ದರು.

ಟಿವಿ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು, ಅದು ಎಂಬತ್ತರ ದಶಕದಲ್ಲೇ ಹೋಯಿತು. ಬೀದಿಗೆ ಒಂದೋ ಎರಡೋ ಮನೆಯಲ್ಲಿ ಡಯನೋರಾ, ಸಾಲಿಡೇರ್, ಮರದ ಬಾಗಿಲಿನ ಪೆಟ್ಟಿಗೆ. ನಾವು ಟವರ್ ಬುಡದಲ್ಲೇ ಇದ್ದಿದ್ದರಿಂದ ಆಂಟೆನಾ ತಿರುಗಿಸುವ ಕಷ್ಟ ಇರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಬೇರೆ. ಆ ಸ್ಟುಡಿಯೋ ಒಂದು ಶಾಲೆ ಆಗಿತ್ತು. ಹವ್ಯಾಸಿ ರಂಗಭೂಮಿಯ ಹುಡುಗರು ಹುಡುಗಿಯರು ಸಂಜೆ ರಿಹರ್ಸಲ್ ಬಿಟ್ಟು ಇಲ್ಲಿಗೆ ಬಂದರು. ಕ್ಯಾಮೆರಾ ಮುಂದೆ ದನಿ ಎಷ್ಟು ಇಳಿಸಬೇಕು, ಹೇಗೆ ನಿಲ್ಲಬೇಕು ಅಂತ ಕಲಿತರು. ಸಿಹಿಕಹಿ ಚಂದ್ರು ಅವರ ಹೆಸರಿನ ಹಿಂದಿರುವ "ಸಿಹಿಕಹಿ" ಇದೆಯಲ್ಲ, ಅದು ಆ ಕಾಲದ ಧಾರಾವಾಹಿಯಿಂದ ಬಂದಿದ್ದು. ಧಾರಾವಾಹಿ ಮುಗಿದು ಇಷ್ಟು ವರ್ಷ ಆದರೂ ಹೆಸರು ಅಂಟಿಕೊಂಡಿದೆ.

ಕಡಲ_ತಡಿ:

ಒಂದು ವಿಷಯ ಸೇರಿಸಬೇಕು. ಬೆಂಗಳೂರಿನಲ್ಲಿ ಕನ್ನಡ ಶುರುವಾಯಿತು ಅಂದ ಮಾತ್ರಕ್ಕೆ ಕರ್ನಾಟಕಕ್ಕೆಲ್ಲ ಬಂತು ಅಂತ ಅಲ್ಲ ಮಾರಾಯ್ರೆ. 1984ರಲ್ಲಿ ದೇಶದಲ್ಲೆಲ್ಲ ದಿನಕ್ಕೊಂದರಂತೆ ಸಣ್ಣ ಶಕ್ತಿಯ ಟ್ರಾನ್ಸ್‌ಮಿಟರ್ ಹಾಕಿದರು. ಆದರೆ ಅವುಗಳಲ್ಲಿ ಹೆಚ್ಚಿನವು ಉಪಗ್ರಹದಿಂದ ದೆಹಲಿಯನ್ನು ಹಿಡಿದು ಬಿಡುವಂಥವು. ಹಾಗಾಗಿ ಬೆಂಗಳೂರಿನಿಂದ ದೂರ ಇದ್ದ ಎಷ್ಟೋ ಊರುಗಳ ಜನ ಟಿವಿ ಹಚ್ಚಿದರೆ ಮೊದಲು ಕೇಳಿದ್ದು ಹಿಂದಿ. ಆಗುಂಬೆಯಲ್ಲಿ ಶಂಕರ್‌ನಾಗ್ ತೆಗೆದ ಮಾಲ್ಗುಡಿ ಡೇಸ್ ಕೂಡ, ನಮ್ಮದೇ ಮಳೆ, ನಮ್ಮದೇ ಹೆಂಚಿನ ಮನೆ, ನಮ್ಮದೇ ನಟರು, ಆದರೆ ಮನೆಗೆ ಬಂದಿದ್ದು ದೆಹಲಿಯಿಂದ, ಹಿಂದಿಯಲ್ಲಿ. ಬೆಂಗಳೂರಿನ ಕನ್ನಡ ಉಪಗ್ರಹ ಹತ್ತಿ ಜಿಲ್ಲೆಗಳಿಗೆ ಇಳಿದ ಮೇಲೆಯೇ ಅದು ರಾಜ್ಯದ ಟಿವಿ ಆಗಿದ್ದು.

ಆಮೇಲೆ ಬಂತು ನೋಡಿ ಗುಡ್ಡದ ಭೂತ ಧಾರಾವಾಹಿ. ಸದಾನಂದ ಸುವರ್ಣರು ಮಾಡಿದ್ದು, ಪ್ರಕಾಶ್ ರೈ ಅದರಲ್ಲಿದ್ದಾರೆ. ತುಳುನಾಡಿನ ತೋಟ, ಗುಡ್ಡ, ಕತ್ತಲು, ಅದನ್ನು ಬೀದರಿನವರೂ ಚಾಮರಾಜನಗರದವರೂ ಒಂದೇ ಹೊತ್ತಿಗೆ ಕೂತು ನೋಡಿದರು. ಆ ಶೀರ್ಷಿಕೆ ಗೀತೆ ಶುರುವಾದರೆ ನಮ್ಮ ಅಕ್ಕ ಹೊದಿಕೆ ಒಳಗೆ ಸೇರಿಬಿಡುವುದು. ಭಾಷೆ ಒಂದೇ ಇದ್ದರೂ ನಮಗೆ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ ಅಲ್ವಾ, ಅದನ್ನು ತೋರಿಸಿದ್ದು ಈ ಟಿವಿ.

ಹೊಸಪೇಟೆ_ಓದುಗ:

ಎಲ್ಲರಿಗೂ ತುಂಬಾ ಧನ್ಯವಾದ. ಕೋಳಿ ಬಲೆಯ ಡಿಶ್ ವಿಷಯ ಮೇಷ್ಟ್ರಿಗೆ ಓದಿ ಹೇಳಿದೆ, "ಹೌದು, ಅದರ ಮೇಲೆ ಕಾಗೆ ಕೂತರೆ ಓಡಿಸೋದು ನಮ್ಮ ಕೆಲಸ" ಅಂದರು. ಹಾಗಾದರೆ ಚಂದನ ಅಂತ ಆಗಿದ್ದು ಯಾವಾಗ? ಖಾಸಗಿ ವಾಹಿನಿಗಳು ಬಂದ ಮೇಲೆ ಜನ ಬಿಟ್ಟುಬಿಟ್ಟರಾ?

ಹಳೇ_ಟೇಪು:

ಚಂದನ ಅನ್ನೋ ಹೆಸರಿಗಿಂತ ಮೊದಲು ಅದನ್ನು ಡಿಡಿ-9 ಅನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಪ್ರತಿ ಭಾಷೆಗೂ ಒಂದು ಉಪಗ್ರಹ ವಾಹಿನಿ ಮಾಡಿದಾಗ ಕನ್ನಡಕ್ಕೆ ಸಿಕ್ಕ ನಂಬರ್ ಅದು. ಹೆಸರು ಆಮೇಲೆ ಬಂತು. 1994ರಲ್ಲಿ ಉದಯ ಬಂತು, 2000ದ ಕೊನೆಯಲ್ಲಿ ಈಟಿವಿ. ನೋಡುಗರು ಚದುರಿದ್ದು ನಿಜ. ಆದರೆ ಟಿ.ಎನ್. ಸೀತಾರಾಂ ಅವರ ಮಾಯಾಮೃಗ ಬಂದಿದ್ದು ಉದಯ ಶುರುವಾಗಿ ಕೆಲವು ವರ್ಷ ಆದ ಮೇಲೆ, ದೂರದರ್ಶನದಲ್ಲೇ. ಹೊತ್ತಿಗೆ ಸರಿಯಾಗಿ ಜನ ಟಿವಿ ಮುಂದೆ ಕೂರುತ್ತಿದ್ದರು. ಹಾಗಾಗಿ ಖಾಸಗಿಯವರು ಬಂದ ದಿನವೇ ಎಲ್ಲ ಮುಗಿಯಿತು ಅನ್ನೋದು ತಪ್ಪು.

1994ರ ಇನ್ನೊಂದು ವಿಷಯವನ್ನೂ ಬರೆಯಿರಿ, ಬಿಡಬೇಡಿ. ಆ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರು ಕೇಂದ್ರ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ವಿರೋಧ ಎದ್ದಿತು, ಊರಲ್ಲಿ ಗಲಭೆ ಆಯಿತು, ಜೀವಗಳು ಹೋದವು, ವಾರ್ತೆ ನಿಂತಿತು. ಇದ್ದ ಒಂದೇ ಸರ್ಕಾರಿ ವಾಹಿನಿಯಲ್ಲಿ ಕನ್ನಡಕ್ಕೆ ಸಿಕ್ಕಿದ್ದೇ ಸ್ವಲ್ಪ ಹೊತ್ತು, ಅದರಲ್ಲೂ ಪಾಲು ಹೋಗುತ್ತದೆ ಅನ್ನುವ ಭಯವನ್ನು ಕೆಲವರು ಬೆಂಕಿ ಮಾಡಿದರು. ಅದೇ ಊರಲ್ಲಿ ಬದುಕುವ ಜನರ ಭಾಷೆಯಲ್ಲಿ ಹತ್ತು ನಿಮಿಷ ಸುದ್ದಿ ಓದಿದ್ದಕ್ಕೆ ಮನುಷ್ಯರು ಸತ್ತರು ಅನ್ನುವುದು ನನಗೆ ಇವತ್ತಿಗೂ ಸಂಕಟ. ಬರೀ ನಾಟಕ, ಧಾರಾವಾಹಿ ಅಂತ ನೆನಪು ಮಾಡಿಕೊಂಡರೆ ಇತಿಹಾಸ ಆಗುವುದಿಲ್ಲ.

ಇನ್ನು ಟೇಪಿನ ವಿಷಯ, ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಆಗ ಟೇಪು ದುಬಾರಿ. ಪ್ರಸಾರ ಆದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದು ಕಾರ್ಯಕ್ರಮ ತುಂಬುವುದು ದೂರದರ್ಶನದಲ್ಲಿ ಮಾಮೂಲಿ ಆಗಿತ್ತು. ದೊಡ್ಡ ದೊಡ್ಡ ಕವಿಗಳು, ಗಾಯಕರು ಸ್ಟುಡಿಯೋಗೆ ಬಂದು ಹೋಗಿದ್ದಾರೆ, ಎಷ್ಟೋ ಉಳಿದಿಲ್ಲ. ಉಳಿದಿದ್ದನ್ನು ಈಗ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯವರು, ಚಂದನದವರು ಯೂಟ್ಯೂಬಿಗೆ ಹಾಕುತ್ತಿದ್ದಾರೆ, ಅದನ್ನು ನೋಡಿದಾಗ ಸ್ವಲ್ಪ ಸಮಾಧಾನ.

ಅಕ್ಷರ_ಅಕ್ಕ:

ಚಂದನವನ್ನು ಯಾರು ನೋಡುತ್ತಾರೆ ಅಂತ ಕೇಳುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು.

ಮೊದಲನೆಯದು ಥಟ್ ಅಂತ ಹೇಳಿ. 2002ರಿಂದ ನಡೆಯುತ್ತಿದೆ, 3,000 ಕಂತು ಯಾವಾಗಲೋ ದಾಟಿದೆ. ನಡೆಸುವ ಡಾ. ನಾ. ಸೋಮೇಶ್ವರ ಅವರು ವೈದ್ಯರು. ಸರಿ ಉತ್ತರ ಹೇಳಿದರೆ ಕೊಡುವುದು ದುಡ್ಡಲ್ಲ, ಕನ್ನಡ ಪುಸ್ತಕ. ಸ್ಪರ್ಧಿ ಮುಂದೆ ಪುಸ್ತಕಗಳು ಸೇರುತ್ತಾ ಹೋಗುತ್ತವೆ, ಪುಸ್ತಕದ ಹೆಸರು, ಬರೆದವರ ಹೆಸರು ಹೇಳಿಯೇ ಕೊಡುತ್ತಾರೆ. ನಮ್ಮ ಶಾಲೆಯ ಹುಡುಗ ಒಬ್ಬ ಹೋಗಿ ಬಂದ, ಗೆದ್ದ ಪುಸ್ತಕಗಳನ್ನು ಮನೆಯಲ್ಲಿ ಇಡಲು ಕಪಾಟಿಲ್ಲ ಅಂತ ಶಾಲೆಗೇ ಕೊಟ್ಟ. ಜಾಹೀರಾತು ನಂಬಿದ ವಾಹಿನಿ ಇದನ್ನು ಇಷ್ಟು ವರ್ಷ ಇಟ್ಟುಕೊಳ್ಳುವುದಿಲ್ಲ ಅಂತ ನನ್ನ ನಂಬಿಕೆ.

ಎರಡನೆಯದು 2020. ಕೊರೋನಾ ಬಂದು ಶಾಲೆ ಮುಚ್ಚಿತು. ಎಲ್ಲರೂ ಆನ್‌ಲೈನ್ ಪಾಠ ಅಂದರು, ನಮ್ಮ ಮಕ್ಕಳ ಮನೆಯಲ್ಲಿ ಒಂದು ಮೊಬೈಲ್, ಅದೂ ಅಪ್ಪ ಕೂಲಿಗೆ ಹೋಗುವಾಗ ಜೇಬಿನಲ್ಲಿ ಹೋಗುತ್ತದೆ. ಆಗ ಚಂದನದಲ್ಲಿ ಸೇತುಬಂಧ, ಸಂವೇದ ಪಾಠಗಳು ಬಂದವು. ನಾವು ವೇಳಾಪಟ್ಟಿ ಬರೆದು ಅಂಗಡಿ ಗೋಡೆಗೆ ಅಂಟಿಸುತ್ತಿದ್ದೆವು. ದೂರದರ್ಶನದ ಉಚಿತ ಡಿಶ್ ಸೇವೆ ಫ್ರೀ ಡಿಶ್ ಇದ್ದವರಿಗೆ ತಿಂಗಳ ದುಡ್ಡೂ ಇಲ್ಲ. ಟಿವಿ ಇಲ್ಲದ ಮಕ್ಕಳನ್ನು ಪಕ್ಕದ ಮನೆಗೆ ಕೂರಿಸಿ ಅಂತ ನಾವೇ ಹೋಗಿ ಕೇಳಿಕೊಂಡೆವು. ಎಲ್ಲರಿಗೂ ಮುಟ್ಟಲಿಲ್ಲ, ಆದರೆ ಮೊಬೈಲಿಗಿಂತ ಜಾಸ್ತಿ ಮುಟ್ಟಿತು. ಸೇಡಂ ರಸ್ತೆಯವರ ದೊಡ್ಡಪ್ಪ 1975ರಲ್ಲಿ ಮಾಡಿದ್ದೂ ಇದೇ ಕೆಲಸ ಅಲ್ವಾ.

ಸೇಡಂ_ರಸ್ತೆ:

ಅಕ್ಕಾ, ಈ ಮಾತನ್ನು ದೊಡ್ಡಪ್ಪನಿಗೆ ಖಂಡಿತ ಹೇಳುತ್ತೇನೆ.

ಓದುಗರೇ, ಕಲಬುರಗಿಯ ಈಗಿನ ಸ್ಥಿತಿಯನ್ನೂ ಒಂದು ಸಾಲು ಹಾಕಿ. ಟವರಿನಿಂದ ನೇರ ಬಿಡುವ ಹಳೇ ಮಾದರಿಯ ಪ್ರಸಾರವನ್ನು ದೇಶದಲ್ಲೆಲ್ಲ ನಿಲ್ಲಿಸುತ್ತಾ ಬಂದರು. 2021ರಲ್ಲಿ ನಮ್ಮ ಸರದಿ ಬಂದಾಗ ಕೇಂದ್ರವೇ ಮುಚ್ಚುತ್ತದೆ ಅಂತ ಸುದ್ದಿ ಹಬ್ಬಿ ಮಂದಿ ದನಿ ಎತ್ತಿದರು. ಕೇಂದ್ರ ಮುಚ್ಚುವುದಿಲ್ಲ, ಕಾರ್ಯಕ್ರಮ ಮಾಡುವುದು ಮುಂದುವರಿಯುತ್ತದೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಆದರೆ 1977ರಿಂದ ಆಂಟೆನಾಕ್ಕೆ ಸಿಗುತ್ತಿದ್ದ ಸಿಗ್ನಲ್ ಹೋದದ್ದು ಹೋಯಿತು. ನಮ್ಮ ಭಾಗದ ಮಾತು, ನಮ್ಮ ತತ್ವಪದ, ನಮ್ಮ ಬೇಸಾಯಕ್ಕೆ ಅಲ್ಲಿ ಜಾಗ ಕಡಿಮೆ ಆಗಬಾರದು ಅನ್ನೋದೇ ನಮ್ಮ ಬೇಡಿಕೆ.

ಸೈಟ್ ಬಗ್ಗೆ ಕಾಗದ ಪತ್ರ ಬೇಕಿದ್ದರೆ ಅಹಮದಾಬಾದಿನ ಇಸ್ರೋ ಕೇಂದ್ರಕ್ಕೆ ಬರೆಯಿರಿ, ಆ ಪ್ರಯೋಗದ ಅಧ್ಯಯನವೆಲ್ಲ ಅವರೇ ಮಾಡಿದ್ದು. ಅದಕ್ಕೂ ಮೊದಲು ನಿಮ್ಮ ಮೇಷ್ಟ್ರನ್ನು ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಊರಿನ ಹೆಸರು, ಟಿವಿ ಎಲ್ಲಿ ಇಟ್ಟಿದ್ದರು, ಯಾರು ಹಚ್ಚುತ್ತಿದ್ದರು, ಯಾವ ಕಾರ್ಯಕ್ರಮ ನೆನಪಿದೆ, ಎಲ್ಲ ಕೇಳಿ. ಆ ಮಂದಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ. ನಾನು ಇಲ್ಲಿ ದೊಡ್ಡಪ್ಪನ ಹತ್ತಿರ ಇದನ್ನೇ ಕೇಳಿ, ಬರುವ ವಾರ ಈ ಎಳೆಯಲ್ಲೇ ಹಾಕುತ್ತೇನೆ. ಬಿಜಾಪುರ ಕಡೆಯವರು ಯಾರಾದರೂ ಇದ್ದರೆ ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.